ಗುಡುಗುಡಿಯಿಂದ ಬೀಡಿಯ ತನಕ: ನಮ್ಮ ಹಾವೇರಿ ಸೀಮೆಯ ಹೊಗೆಯ ಇತಿಹಾಸ

ಬ್ಯಾಡಗಿ ಅಂದ ಕೂಡಲೇ ಎಲ್ಲರಿಗೂ ನೆನಪಾಗೋದು ಮೆಣಸಿನಕಾಯಿ. ಕೆಂಪಗೆ, ಸುಕ್ಕು ಸುಕ್ಕಾಗಿ, ಖಾರ ಕಡಿಮೆ, ಬಣ್ಣ ಜಾಸ್ತಿ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಆದರೆ ಈ ಮೆಣಸಿನಕಾಯಿ ನಮ್ಮ ನೆಲದ್ದಲ್ಲ. ಅಮೆರಿಕ ಖಂಡದಿಂದ ಪೋರ್ಚುಗೀಸರ ಹಡಗು ಹತ್ತಿ, ಹದಿನಾರನೇ ಶತಮಾನದಲ್ಲಿ ಗೋವಾ ಕಡೆಯಿಂದ ನಮ್ಮ ಹೊಲಕ್ಕೆ ಬಂದದ್ದು. ಅದೇ ದಾರಿಯಲ್ಲಿ ಅದರ ಹಿಂದೆಯೇ ಇನ್ನೊಂದು ಗಿಡವೂ ಬಂತು. ತಂಬಾಕು.

ಒಂದು ನಮ್ಮ ಅಡುಗೆಮನೆ ಸೇರಿತು. ಇನ್ನೊಂದು ನಮ್ಮ ಅಂಗಿ ಕಿಸೆ ಸೇರಿತು. ಮೆಣಸಿನಕಾಯಿಯ ಬಗ್ಗೆ ನಮಗೆಲ್ಲ ಹೆಮ್ಮೆ. ತಂಬಾಕಿನ ಬಗ್ಗೆ ಯಾರೂ ಮಾತೇ ಆಡೋದಿಲ್ಲ. ನಮ್ಮ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆ ಇತಿಹಾಸ ಅಂದರೆ ಸಾಮಾನ್ಯವಾಗಿ ಕಾಗಿನೆಲೆಯ ಕನಕದಾಸರು, ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು, ಶಿಶುನಾಳದ ಶರೀಫರು. ಅವರೆಲ್ಲ ಸರಿಯೇ. ಆದರೆ ಪ್ರತಿ ಮನೆಯ ಕಟ್ಟೆಯ ಮೇಲೂ ನಾಲ್ಕು ನೂರು ವರ್ಷದಿಂದ ಕೂತಿರುವ ಈ ಹೊಗೆಗೂ ಒಂದು ಇತಿಹಾಸ ಇದೆಯಲ್ಲ? ಅದನ್ನು ನನಗೆ ತಿಳಿದ ಮಟ್ಟಿಗೆ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾದೀತು, ಸಹಿಸಿಕೊಳ್ಳಿ :)

ಬಿಜಾಪುರದಿಂದ ಆಗ್ರಾಕ್ಕೆ

ಭಾರತದಲ್ಲಿ ತಂಬಾಕಿನ ಕಥೆ ಹೇಳುವವರೆಲ್ಲ ಶುರು ಮಾಡೋದು ನಮ್ಮ ಬಿಜಾಪುರದಿಂದಲೇ. ಅಕ್ಬರನ ಮಗ ದಾನಿಯಾಲನಿಗೆ ಬಿಜಾಪುರದ ರಾಜಕುಮಾರಿಯನ್ನು ಕರೆತರಲು ಅಸದ್ ಬೇಗ್ ಎಂಬ ರಾಯಭಾರಿ ಬಂದಿದ್ದ. ಆಗ ಇಲ್ಲಿ ಆಳುತ್ತಿದ್ದವನು ಎರಡನೇ ಇಬ್ರಾಹಿಂ ಆದಿಲಶಾಹ. ಅಸದ್ ಬೇಗನಿಗೆ ಬಿಜಾಪುರದಲ್ಲಿ ತಂಬಾಕು ಕಂಡಿತು. ಅಂಥದ್ದನ್ನು ಅವನು ಅದುವರೆಗೆ ನೋಡಿರಲಿಲ್ಲ. ಒಂದಿಷ್ಟು ತಂಬಾಕು, ಜೊತೆಗೆ ರತ್ನ ಕೂರಿಸಿದ ಚಂದದ ಹೊಗೆ ಕೊಳವೆ ಕಟ್ಟಿಕೊಂಡು ಹೋಗಿ, 1604-05ರ ಸುಮಾರಿಗೆ ಅಕ್ಬರನ ಮುಂದಿಟ್ಟ.

ಅಕ್ಬರ ಎರಡು ದಮ್ಮು ಎಳೆದ. ಪಕ್ಕದಲ್ಲಿದ್ದ ಹಕೀಮ ತಡೆದ. ಈ ಗಿಡದ ಬಗ್ಗೆ ನಮ್ಮ ವೈದ್ಯ ಗ್ರಂಥಗಳಲ್ಲಿ ಏನೂ ಇಲ್ಲ, ಪರೀಕ್ಷೆ ಮಾಡದೆ ಪರಂಗಿಯವರ ಅಭ್ಯಾಸವನ್ನು ನಾವೇಕೆ ಹಿಡಿಯಬೇಕು ಅನ್ನೋದು ಅವನ ವಾದ. ಅದಕ್ಕೆ ಅಸದ್ ಬೇಗ್, ಜಗತ್ತಿನಲ್ಲಿ ಈಗ ರೂಢಿಯಲ್ಲಿರುವ ಎಲ್ಲವೂ ಒಂದು ಕಾಲಕ್ಕೆ ಹೊಸದೇ ಆಗಿತ್ತಲ್ಲ ಎಂದು ತಿರುಗಿ ಕೇಳಿದ. ಮಾತಿನಲ್ಲಿ ಗೆದ್ದವನು ಅಸದ್ ಬೇಗ್. ಅಕ್ಬರ ಸೇದುವ ಚಟ ಹಚ್ಚಿಕೊಳ್ಳಲಿಲ್ಲ, ಆದರೆ ಆಸ್ಥಾನದ ಅಮೀರರೆಲ್ಲ ಹಚ್ಚಿಕೊಂಡರು. ವ್ಯಾಪಾರಿಗಳು ಮಾರಲು ಶುರು ಮಾಡಿದರು. 1617ರಲ್ಲಿ ಜಹಾಂಗೀರ ನಿಷೇಧದ ಆಜ್ಞೆ ಹೊರಡಿಸುವ ಹೊತ್ತಿಗೆ ಕಾಲ ಮಿಂಚಿತ್ತು. ತಮಾಷೆ ಅಂದರೆ ಅದೇ 1604ರಲ್ಲಿ ಇಂಗ್ಲೆಂಡಿನ ರಾಜ ಒಂದನೇ ಜೇಮ್ಸ್ ತಂಬಾಕನ್ನು ಬೈದು ಒಂದು ಪುಸ್ತಿಕೆಯನ್ನೇ ಬರೆದಿದ್ದ. ಅಲ್ಲಿಯೂ ಯಾರೂ ಕೇಳಲಿಲ್ಲ.

ನನಗೆ ಈ ಕಥೆಯಲ್ಲಿ ಇಷ್ಟವಾದವನು ಆ ಹಕೀಮ. ಅವನು "ಇದು ಕೆಟ್ಟದ್ದು" ಅನ್ನಲಿಲ್ಲ. "ಪರೀಕ್ಷೆ ಆಗಿಲ್ಲ" ಅಂದ, ಅಷ್ಟೇ. ಆ ಪರೀಕ್ಷೆ ನಡೆಯೋಕೆ ಮುಂದೆ ಸುಮಾರು 350 ವರ್ಷ ಬೇಕಾಯಿತು.

ನಮ್ಮ ಸೀಮೆಗೆ ಬಂದದ್ದು

1570ರ ದಶಕದಲ್ಲಿ ಬಂಕಾಪುರದ ಕೋಟೆ ಆದಿಲಶಾಹಿಗಳ ಕೈ ಸೇರಿತ್ತು. ಮುಂದೆ ಸವಣೂರಿನ ನವಾಬರು ಬಂದರು. ಬಿಜಾಪುರದ ಫ್ಯಾಷನ್ನು ಇಲ್ಲಿಗೆ ಇಳಿಯಲು ಇದಕ್ಕಿಂತ ಸಲೀಸಾದ ದಾರಿ ಬೇಕೆ? ದೊಡ್ಡವರ ಮನೆಯಲ್ಲಿ ಗುಡುಗುಡಿ, ಬಡವರ ಕೈಯಲ್ಲಿ ಚಿಲುಮೆ ಮತ್ತು ಚುಟ್ಟಾ. ಸವಣೂರಿನ ಎಲೆಗೆ ಮೊದಲೇ ಹೆಸರಿತ್ತು. ಎಲೆ, ಅಡಿಕೆ, ಸುಣ್ಣದ ಜೊತೆ ನಾಲ್ಕನೆಯದಾಗಿ ತಂಬಾಕು ಸೇರಿಕೊಂಡಿತು.

ಹತ್ತೊಂಬತ್ತನೇ ಶತಮಾನದ ಹೊತ್ತಿಗೆ ಇದು ಎಷ್ಟು ಒಗ್ಗಿಹೋಗಿತ್ತು ಅನ್ನೋದಕ್ಕೆ ಶಿಶುನಾಳ ಶರೀಫರೇ (1819-1889) ಸಾಕ್ಷಿ. ಗುಡುಗುಡಿ ಸೇದುವುದನ್ನೇ ರೂಪಕ ಮಾಡಿಕೊಂಡು, ಮನಸ್ಸಿನ ಮೋಹ ಸುಡುವ ಮಾತನ್ನು ಹೇಳುವ ಅವರ ಪದವನ್ನು ನೀವೆಲ್ಲ ಕೇಳಿರುತ್ತೀರಿ. ಕೇಳುಗರ ಮನೆಯಲ್ಲಿ ದಿನಾ ಕಾಣುವ ವಸ್ತುವನ್ನೇ ಎತ್ತಿಕೊಂಡು ತತ್ವ ಹೇಳುವುದು ಶರೀಫರ ರೀತಿ. ಗುಡುಗುಡಿ ಆಗ ಬಿಂದಿಗೆ, ಗಿರಣಿಯಷ್ಟೇ ಎಲ್ಲರಿಗೂ ಗೊತ್ತಿದ್ದ ಸಾಮಾನು.

ಹೆಂಗಸರ ಕಥೆ ಬೇರೆ. ಗಂಡಸು ಕಟ್ಟೆಯ ಮೇಲೆ ಎಲ್ಲರೆದುರು ಸೇದಿದರೆ ಅದು ದೊಡ್ಡಸ್ತಿಕೆ. ಹೆಂಗಸು ಸೇದಿದರೆ ಊರೆಲ್ಲ ಮಾತು. ಹಾಗಾಗಿ ಅವರ ತಂಬಾಕು ಬಾಯೊಳಗೆ, ಮೂಗಿನೊಳಗೆ ಅಡಗಿತು. ಎಲೆ ಜೊತೆ ತಂಬಾಕು, ತಪಕೀರು, ಹಲ್ಲಿಗೆ ತಿಕ್ಕುವ ಮಿಶ್ರಿ. ಹೊಲದ ಬದುವಿನಲ್ಲಿ ಕೂತು ಬೀಡಿ ಸೇದುವ ಅಜ್ಜಿಯರನ್ನು ನಾನೂ ಚಿಕ್ಕವನಿದ್ದಾಗ ಕಂಡಿದ್ದೇನೆ, ಆದರೆ ಬೆರಳೆಣಿಕೆಯಷ್ಟು.

ರೈಲು, ಸಿಗರೇಟು, ಬೀಡಿ

1880ರ ದಶಕದಲ್ಲಿ ಹುಬ್ಬಳ್ಳಿ-ಹರಿಹರ ರೈಲು ದಾರಿ ಆಯಿತು. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮೂರೂ ಅದೇ ದಾರಿಯಲ್ಲಿವೆ. ಹತ್ತಿ, ಮೆಣಸಿನಕಾಯಿ ಹೊರಗೆ ಹೋಗಲು ದಾರಿಯಾಯಿತು, ಪೇಟೆಯ ಸಾಮಾನು ಒಳಗೆ ಬರಲೂ ದಾರಿಯಾಯಿತು. ಅಮೆರಿಕದಲ್ಲಿ ಸಿಗರೇಟು ಸುತ್ತುವ ಯಂತ್ರ ಬಂದದ್ದೂ ಅದೇ ದಶಕದಲ್ಲಿ. 1910ರ ಆಗಸ್ಟ್ 24ರಂದು ಕಲ್ಕತ್ತಾದಲ್ಲಿ ಇಂಪೀರಿಯಲ್ ಟೊಬ್ಯಾಕೋ ಕಂಪನಿ (ಇಂದಿನ ಐಟಿಸಿ) ಹುಟ್ಟಿತು. ಮುಂದೆ ಬೆಂಗಳೂರಿನಲ್ಲಿ ಸಿಗರೇಟು ಕಾರ್ಖಾನೆ ಬಂತು. ನಮ್ಮ ಹಾವೇರಿ ಜಿಲ್ಲೆ ಹುಟ್ಟಿದ್ದೂ ಆಗಸ್ಟ್ 24ರಂದೇ, 1997ರಲ್ಲಿ. ಕಾಕತಾಳೀಯ ಅಷ್ಟೇ :)

ಆದರೆ ನಮ್ಮ ಸೀಮೆಯನ್ನು ನಿಜವಾಗಿ ಗೆದ್ದದ್ದು ಸಿಗರೇಟಲ್ಲ, ಬೀಡಿ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಜಬಲ್ಪುರದ ಕಡೆ ಬೀಡಿ ಒಂದು ಉದ್ಯಮವಾಗಿ ಬೆಳೆಯಿತು. ಆಗಲೇ ಸ್ವದೇಶಿ ಚಳವಳಿ. ವಿದೇಶಿ ಸಿಗರೇಟು ಬಿಡಿ, ದೇಶಿ ಬೀಡಿ ಹಿಡಿಯಿರಿ ಅನ್ನುವ ಗಾಳಿ ಬೀಸಿತು. ಗಾಂಧೀಜಿಯವರು ಎರಡನ್ನೂ ಬೇಡ ಅಂದವರು. ಆದರೆ ಅವರ ಉಪ್ಪು, ಖಾದಿ ಕೇಳಿದಷ್ಟು ಜನ ಈ ಮಾತು ಕೇಳಲಿಲ್ಲ.

ಬೀಡಿಯ ಎರಡು ಕೊನೆಗಳೂ ನಮ್ಮ ರಾಜ್ಯದಲ್ಲೇ ಇವೆ. ಒಂದು ಬೆಳಗಾವಿ ಜಿಲ್ಲೆಯ ನಿಪ್ಪಾಣಿ. ಬೀಡಿ ತಂಬಾಕಿನ ದೊಡ್ಡ ಪೇಟೆ. 1981ರಲ್ಲಿ ತಂಬಾಕಿಗೆ ಬೆಲೆ ಕೇಳಿ ಶರದ್ ಜೋಶಿಯವರ ನೇತೃತ್ವದಲ್ಲಿ ಅಲ್ಲಿ ರೈತರು ರಸ್ತೆಗಿಳಿದರು, ಗೋಲಿಬಾರಿನಲ್ಲಿ ರೈತರು ಸತ್ತರು. ಅದೇ ಹೊತ್ತಿಗೆ ಅಲ್ಲಿನ ತಂಬಾಕು ವಖಾರಗಳಲ್ಲಿ ದಿನವಿಡೀ ಘಾಟು ಕುಡಿದು ದುಡಿಯುತ್ತಿದ್ದ ಹೆಂಗಸರು ಸಂಘ ಕಟ್ಟಿ ಹೋರಾಡಿದರು. ಅವರ ಬಗ್ಗೆ ಯುಗಾಂತರ್ ಎಂಬ ತಂಡ 1982ರಲ್ಲಿ ಒಂದು ಸಾಕ್ಷ್ಯಚಿತ್ರವನ್ನೇ ಮಾಡಿತು. ಇನ್ನೊಂದು ಕೊನೆ ದಕ್ಷಿಣ ಕನ್ನಡ. ಅಲ್ಲಿ ಮನೆ ಮನೆಯ ಜಗಲಿಯಲ್ಲಿ ಬೀಡಿ ಕಟ್ಟುವವರೂ ಹೆಚ್ಚಿನಂಶ ಹೆಂಗಸರೇ. ಅಂದರೆ ನೋಡಿ, ಸೇದುವವರು ಗಂಡಸರು, ಅದರ ಧೂಳು ಕುಡಿಯುವವರು ಹೆಂಗಸರು.

ಬೀಡಿ ಚಿಕ್ಕದು, ತಂಬಾಕು ಕಡಿಮೆ, ಹಾಗಾಗಿ ತೊಂದರೆಯೂ ಕಡಿಮೆ ಅಂತ ನಮ್ಮ ಕಡೆ ಗಟ್ಟಿ ನಂಬಿಕೆ. ಇದು ತಪ್ಪು. ಸಿಗರೇಟಿನ ಕಾಗದದ ಹಾಗೆ ಬೀಡಿಯ ಎಲೆಯಲ್ಲಿ ಗಾಳಿ ಆಡೋದಿಲ್ಲ, ಬಿಟ್ಟರೆ ಆರಿಹೋಗುತ್ತದೆ. ಅದಕ್ಕೇ ಮೇಲಿಂದ ಮೇಲೆ, ಜೋರಾಗಿ ಎಳೆಯಬೇಕು. ತಂಬಾಕು ಕಡಿಮೆ ಇದ್ದರೂ ಒಳಗೆ ಹೋಗುವ ನಿಕೋಟಿನ್, ಕಾರ್ಬನ್ ಮೊನಾಕ್ಸೈಡ್ ಸಿಗರೇಟಿಗೆ ಕಡಿಮೆಯೇನಿಲ್ಲ. ಮೇಲಾಗಿ ಅಗ್ಗ. ದಿನಕ್ಕೆ ಎರಡು ಕಟ್ಟು ಸೇದಿದರೂ ಕೂಲಿಯವನ ಕಿಸೆ ತಡೆಯುತ್ತದೆ.

ಹಕೀಮ ಕೇಳಿದ ಪರೀಕ್ಷೆ

1950ರಲ್ಲಿ ಇಂಗ್ಲೆಂಡಿನ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್, ಅಮೆರಿಕದ ವಿಂಡರ್ ಮತ್ತು ಗ್ರಹಾಂ, ಬೇರೆ ಬೇರೆಯಾಗಿ ಒಂದೇ ಮಾತು ಹೇಳಿದರು: ಶ್ವಾಸಕೋಶದ ಕ್ಯಾನ್ಸರಿಗೂ ಸಿಗರೇಟಿಗೂ ನಂಟಿದೆ. ಡಾಲ್ ತಮ್ಮದೇ ಅಂಕಿ ಅಂಶ ನೋಡಿ ತಾವೇ ಸಿಗರೇಟು ಬಿಟ್ಟರು. 1951ರಲ್ಲಿ ಡಾಲ್ ಮತ್ತು ಹಿಲ್ ಬ್ರಿಟನ್ನಿನ ವೈದ್ಯರಿಗೆ ಕಾಗದ ಬರೆದು, ನೀವು ಸೇದುತ್ತೀರಾ, ಎಷ್ಟು ಅಂತ ಕೇಳಿ, ಆಮೇಲೆ ಯಾರು ಯಾವಾಗ ಏಕೆ ಸತ್ತರು ಎಂದು ಬರೆದಿಡುತ್ತಾ ಹೋದರು. ಉತ್ತರ ಕೊಟ್ಟ ಗಂಡಸರು 34 ಸಾವಿರಕ್ಕೂ ಹೆಚ್ಚು, ಹೆಂಗಸರು ಸುಮಾರು 6 ಸಾವಿರ. ಐವತ್ತು ವರ್ಷದ ಲೆಕ್ಕ 2004ರಲ್ಲಿ ಬಂತು. ಸೇದುತ್ತಲೇ ಇದ್ದ ಗಂಡಸರು ಸೇದದವರಿಗಿಂತ ಸರಾಸರಿ 10 ವರ್ಷ ಮೊದಲೇ ಸತ್ತಿದ್ದರು.

ಹೆಂಗಸರ ಲೆಕ್ಕ ತಡವಾಯಿತು. ಆ ಕಾಲದ ಹೆಂಗಸರು ಸೇದಲು ಶುರು ಮಾಡಿದ್ದೇ ತಡವಾಗಿ ಮತ್ತು ಕಡಿಮೆ, ಹಾಗಾಗಿ ಅವರಿಗೆ ಅಪಾಯವೇ ಕಡಿಮೆ ಅಂತ ಬಹಳ ದಿನ ಅಂದುಕೊಂಡಿದ್ದರು. ಬ್ರಿಟನ್ನಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಹೆಂಗಸರನ್ನು ಗಮನಿಸಿದ ಅಧ್ಯಯನ 2012ರಲ್ಲಿ ಆ ಭ್ರಮೆ ಕಳೆಯಿತು. ಗಂಡಸರಂತೆ ಸೇದಿದ ಹೆಂಗಸರು ಗಂಡಸರಂತೆಯೇ ಸಾಯುತ್ತಾರೆ, ಹತ್ತು ವರ್ಷ ಮೊದಲೇ.

ನಮ್ಮ ದೇಶದ ಲೆಕ್ಕ 2008ರಲ್ಲಿ ಬಂತು. ಪ್ರಭಾತ್ ಝಾ ಮತ್ತು ಸಂಗಡಿಗರು ದೇಶದ 11 ಲಕ್ಷ ಮನೆಗಳಲ್ಲಿ ನಡೆದ ಸಾವುಗಳನ್ನು ಇಟ್ಟುಕೊಂಡು ಮಾಡಿದ ಕೆಲಸ ಅದು. ಬೀಡಿ ಸೇದುವ ಗಂಡಸರು ಸುಮಾರು 6 ವರ್ಷ, ಸಿಗರೇಟು ಸೇದುವ ಗಂಡಸರು ಸುಮಾರು 10 ವರ್ಷ ಕಳೆದುಕೊಳ್ಳುತ್ತಾರೆ. ಬೀಡಿ ಸೇದುವ ಹೆಂಗಸರು? ಸುಮಾರು 8 ವರ್ಷ. ಅದೇ ಬೀಡಿ, ಆದರೆ ಹೆಂಗಸರಿಗೆ ನಷ್ಟ ಹೆಚ್ಚು. ಇನ್ನೊಂದು ಮಾತು. ಹೊರದೇಶಗಳಲ್ಲಿ ತಂಬಾಕು ಅಂದರೆ ಕ್ಯಾನ್ಸರು. ನಮ್ಮಲ್ಲಿ ಅದರ ಜೊತೆಗೆ ಕ್ಷಯವೂ ಇದೆ. ಸೇದುವ ಗಂಡಸು ಕ್ಷಯದಿಂದ ಸಾಯುವ ಸಂಭವ ಸೇದದವನ ಎರಡು ಪಟ್ಟಿಗೂ ಹೆಚ್ಚು, ಸೇದುವ ಹೆಂಗಸಿಗೆ ಅದು ಮೂರು ಪಟ್ಟು.

ಸಾವಿನ ಲೆಕ್ಕವಲ್ಲ, ಬದುಕಿನ ಲೆಕ್ಕ

ಆದರೆ ಸಾವಿನ ಲೆಕ್ಕ ಹೇಳಿದರೆ ನಮ್ಮ ಕಡೆ ಯಾರೂ ಹೆದರೋದಿಲ್ಲ. "ಇವತ್ತಿಲ್ಲ ನಾಳೆ ಹೋಗೂದ ಐತಿ" ಅಂದುಬಿಡುತ್ತಾರೆ. ಅದಕ್ಕೇ ನನಗೆ ಚಾರ್ಲ್ಸ್ ಫ್ಲೆಚರ್ ಎಂಬ ವೈದ್ಯನ ಕೆಲಸ ಹೆಚ್ಚು ಹತ್ತಿರ ಅನ್ನಿಸಿತು. 1940-50ರ ದಶಕದಲ್ಲಿ ವೇಲ್ಸಿನ ಕಲ್ಲಿದ್ದಲ ಗಣಿಯ ಕೆಲಸಗಾರರ ಉಸಿರಾಟ ನೋಡುತ್ತಿದ್ದವರು ಇವರು. ದಮ್ಮು ಎಷ್ಟು ಅನ್ನೋದನ್ನು ಅಳೆಯಲು ಐದು ಮೆಟ್ಟಿಲು ಮಾಡಿದರು. ಯಂತ್ರ ಬೇಡ, ಬರೀ ಪ್ರಶ್ನೆ. ಅದನ್ನು ನಮ್ಮ ಊರಿಗೆ ಹೊಂದಿಸಿದರೆ ಹೀಗಾಗುತ್ತದೆ:

ಒಂದು: ಚೀಲ ಹೊತ್ತಾಗ, ಓಡಿದಾಗ ಮಾತ್ರ ದಮ್ಮು ಹತ್ತುತ್ತದೆ.
ಎರಡು: ರೈಲು ತಪ್ಪೀತು ಅಂತ ಸ್ಟೇಷನ್ನಿಗೆ ಬಿರಬಿರನೆ ನಡೆದರೆ, ಸಣ್ಣ ಏರು ಹತ್ತಿದರೆ ದಮ್ಮು.
ಮೂರು: ಸಮತಟ್ಟು ದಾರಿಯಲ್ಲೂ ವಾರಿಗೆಯವರ ಜೊತೆ ನಡೆಯಲಾಗದೆ ಹಿಂದೆ ಬೀಳುವುದು.
ನಾಲ್ಕು: ಸಂತೆಯಲ್ಲಿ ನೂರು ಹೆಜ್ಜೆಗೊಮ್ಮೆ ಯಾವುದಾದರೂ ಅಂಗಡಿ ಕಟ್ಟೆಗೆ ಕೂರುವುದು.
ಐದು: ಮನೆ ಬಿಟ್ಟು ಹೊರಗೆ ಹೋಗಲಾಗದು. ಅಂಗಿ ತೊಡುವಾಗಲೂ ಏದುಸಿರು.

ಈಗ ನಿಮ್ಮ ಮನೆಯಲ್ಲಿ ತುಂಬಾ ಸೇದುವ ಹಿರಿಯರೊಬ್ಬರನ್ನು ನೆನೆಸಿಕೊಳ್ಳಿ. ಅವರು ಯಾವ ಮೆಟ್ಟಿಲ ಮೇಲಿದ್ದಾರೆ? ಇದು ಒಂದು ರಾತ್ರಿಯಲ್ಲಿ ಬರೋದಲ್ಲ. ಇಪ್ಪತ್ತು ಮೂವತ್ತು ವರ್ಷ ಹಿಡಿಯುತ್ತದೆ. ಅದಕ್ಕೇ ಯಾರಿಗೂ ಗೊತ್ತಾಗೋದಿಲ್ಲ. "ವಯಸ್ಸಾತು" ಅನ್ನುತ್ತಾರೆ.

1990ರ ದಶಕದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬದುಕಿನ ಗುಣಮಟ್ಟ ಅಳೆಯಲು ನೂರು ಪ್ರಶ್ನೆಗಳ ಪಟ್ಟಿ ಮಾಡಿತು. ಆ ಕೆಲಸ ನಡೆದ 15 ಕೇಂದ್ರಗಳಲ್ಲಿ ದೆಹಲಿ, ಮದ್ರಾಸ್ ಕೂಡ ಇದ್ದವು. ನೋವು, ನಿದ್ದೆ, ದುಡಿಯುವ ಶಕ್ತಿ, ಮನಸ್ಸಿನ ನೆಮ್ಮದಿ, ಜನರ ಜೊತೆಗಿನ ಒಡನಾಟ, ದುಡ್ಡು, ಎಲ್ಲವೂ ಅದರಲ್ಲಿವೆ. ವಿಪರೀತ ಸೇದುವವರ ಬದುಕಿನಲ್ಲಿ ಇವುಗಳಲ್ಲಿ ಯಾವುದೂ ಗಾಯವಾಗದೆ ಉಳಿಯೋದಿಲ್ಲ. ಬೆಳಗಿನ ಕೆಮ್ಮು, ಅರ್ಧ ನಿದ್ದೆ, ರುಚಿ ವಾಸನೆ ತಿಳಿಯದ ನಾಲಿಗೆ ಮೂಗು, ನಡೆದರೆ ಸೆಳೆಯುವ ಕಾಲು, ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗಲೂ ಹೊರಗೆ ಹೋಗುವ ಚಡಪಡಿಕೆ.

ಹೆಂಗಸರಲ್ಲಿ ಇನ್ನೊಂದು ಪದರವಿದೆ. ಸೇದುವುದೇ ನಾಚಿಕೆಯ ವಿಷಯವಾದ್ದರಿಂದ ಡಾಕ್ಟರ ಮುಂದೆಯೂ ಹೇಳೋದಿಲ್ಲ. ಇನ್ನು ಸೇದದವರು? 1981ರಲ್ಲಿ ಜಪಾನಿನ ಹಿರಾಯಾಮ, ಸೇದದ 91 ಸಾವಿರ ಹೆಂಡತಿಯರ ಲೆಕ್ಕ ಇಟ್ಟು, ಗಂಡ ಹೆಚ್ಚು ಸೇದಿದಷ್ಟೂ ಹೆಂಡತಿಗೆ ಶ್ವಾಸಕೋಶದ ಕ್ಯಾನ್ಸರ್ ಸಂಭವ ಹೆಚ್ಚು ಎಂದು ತೋರಿಸಿದರು. ನಮ್ಮ ಹಳ್ಳಿಗಳಲ್ಲಿ ಇದರ ಮೇಲೆ ಒಲೆಯ ಹೊಗೆ. ಬ್ಯಾಡಗಿಯಲ್ಲಾದರೆ ಅದರ ಮೇಲೆ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸದ ಘಾಟು. ನಮ್ಮ ಅಜ್ಜಿ ಜೀವಮಾನದಲ್ಲಿ ಒಂದು ಬೀಡಿ ಮುಟ್ಟಿದವಳಲ್ಲ. ಅಜ್ಜನಷ್ಟೇ ಕೆಮ್ಮುತ್ತಿದ್ದಳು.

"ನಮ್ಮಜ್ಜ ತೊಂಬತ್ತು ವರ್ಷ ಬದುಕಿದ್ದ!"

ಆಫೀಸಿನಲ್ಲಿ ಟೀ ಹೊತ್ತಿಗೆ ಈ ವಿಷಯ ಎತ್ತಿದರೆ ಒಬ್ಬನಾದರೂ ಈ ಮಾತು ಹೇಳೇ ಹೇಳುತ್ತಾನೆ. ಇರಬಹುದು ಮಾರಾಯ. ಆದರೆ ಐವತ್ತೈದಕ್ಕೆ ಹೋದ ಅಜ್ಜಂದಿರ ಕಥೆಯನ್ನು ಅವರ ಮೊಮ್ಮಕ್ಕಳು ಹೇಳೋದಿಲ್ಲ, ಏಕೆಂದರೆ ಅವರು ಅಜ್ಜನನ್ನು ನೋಡೇ ಇಲ್ಲ. ಉಳಿದವರನ್ನು ಮಾತ್ರ ಎಣಿಸಿದರೆ ಲೆಕ್ಕ ತಪ್ಪುತ್ತದೆ.

ಇನ್ನೊಂದು ಪ್ರಶ್ನೆ ಇದಕ್ಕಿಂತ ಕಷ್ಟದ್ದು. ಅದನ್ನು ಕೇಳಿದವರು ರಾಣೆಬೆನ್ನೂರಿನ ನಮ್ಮ ಕಾಕಾ. ವಯಸ್ಸು 58, ನಲವತ್ತು ವರ್ಷದಿಂದ ದಿನಕ್ಕೆ ಎರಡು ಕಟ್ಟು. ಫ್ಲೆಚರನ ಮೂರನೇ ಮೆಟ್ಟಿಲು.

"ಈಗ ಬಿಟ್ರ ಏನ್ ಬರ್ತೈತೋ ತಮ್ಮಾ? ಸುಟ್ಟದ್ದು ಸುಟ್ಟ ಹೋಗೇತಿ."

ಇದಕ್ಕೂ ಉತ್ತರ ಇದೆ. 1977ರಲ್ಲಿ ಅದೇ ಫ್ಲೆಚರ್, ರಿಚರ್ಡ್ ಪೀಟೋ ಜೊತೆ ಸೇರಿ, ಲಂಡನ್ನಿನ ಸುಮಾರು 800 ಗಂಡಸರನ್ನು ಎಂಟು ವರ್ಷ ಗಮನಿಸಿದ ಗ್ರಾಫ್ ಒಂದನ್ನು ಪ್ರಕಟಿಸಿದರು. ವಯಸ್ಸಾದಂತೆ ಎಲ್ಲರ ಉಸಿರಿನ ಬಲವೂ ಇಳಿಯುತ್ತದೆ. ಹೊಗೆ ತಾಕಿದ ಕೆಲವರದ್ದು ಬಹಳ ಬೇಗ ಇಳಿಯುತ್ತದೆ. ಬಿಟ್ಟರೆ ಹೋದದ್ದು ವಾಪಸ್ ಬರೋದಿಲ್ಲ, ಕಾಕಾ ಹೇಳಿದ್ದು ಅಷ್ಟರ ಮಟ್ಟಿಗೆ ಸರಿ. ಆದರೆ ಬಿಟ್ಟ ದಿನದಿಂದ ಇಳಿಯುವ ವೇಗ ಸೇದದವರ ವೇಗಕ್ಕೆ ಬರುತ್ತದೆ. ಅಂದರೆ ಮೂರನೇ ಮೆಟ್ಟಿಲಿನಿಂದ ಐದನೆಯದಕ್ಕೆ ಹೋಗೋದು ಬಹಳ ನಿಧಾನವಾಗುತ್ತದೆ, ಎಷ್ಟೋ ಜನರಿಗೆ ಆ ಮೆಟ್ಟಿಲು ಬರೋದೇ ಇಲ್ಲ. ಡಾಲ್ ಅವರ 2004ರ ಲೆಕ್ಕದಲ್ಲಿ 30ಕ್ಕೆ ಬಿಟ್ಟವರಿಗೆ ಸುಮಾರು 10 ವರ್ಷ ಉಳಿಯಿತು, 40ಕ್ಕೆ ಬಿಟ್ಟರೆ 9, 50ಕ್ಕೆ ಬಿಟ್ಟರೆ 6, 60ಕ್ಕೆ ಬಿಟ್ಟರೂ 3.

"ಮೂರ ವರ್ಷಕ್ಕ ಇಷ್ಟೆಲ್ಲಾ ಕಷ್ಟ ಯಾಕ ಪಡಬೇಕೋ?" ಅಂದರು ಕಾಕಾ. ಒಳಗಿನಿಂದ ಚಿಗವ್ವ ಹೇಳಿದ ಮಾತು ಇದು:

"ರಾತ್ರಿ ಇವರು ಕೆಮ್ಮಿದ್ರ ನನಗ ನಿದ್ದಿ ಬರೂದಿಲ್ಲ. ಕೆಮ್ಮು ನಿಂತ್ರ ಇನ್ನೂ ಬರೂದಿಲ್ಲ, ಉಸಿರು ಐತೋ ಇಲ್ಲೋ ಅಂತ ಎದ್ದು ನೋಡ್ತೀನಿ."

ನೂರು ಪ್ರಶ್ನೆಗಳ ಆ ಪಟ್ಟಿಯನ್ನು ಸೇದುವವನಿಗೆ ಕೊಟ್ಟರೆ ಈ ಉತ್ತರ ಅದರಲ್ಲಿ ಬರೋದಿಲ್ಲ. ಹೆಂಗಸರ ಬದುಕಿನ ಗುಣಮಟ್ಟದ ಮೇಲೆ ಹೊಗೆಯ ಪರಿಣಾಮ ಏನು ಅಂತ ಯಾರಾದರೂ ಕೇಳಿದರೆ ನಾನು ಮೊದಲು ಹೇಳೋದು ಇದನ್ನೇ. ಕಾಕಾ ಈಗ ಒಂದು ಕಟ್ಟಿಗೆ ಇಳಿಸಿದ್ದಾರೆ. ಇಳಿಸಿದರೆ ಸಾಲದು, ಪೂರ್ತಿ ಬಿಡಬೇಕು ಅಂತ ನಾನು ಹೇಳುತ್ತಲೇ ಇದ್ದೇನೆ. ಜಗಳ ಮುಂದುವರಿದಿದೆ.

ಕಾನೂನು ಮತ್ತು ಬೀಡಾ ಅಂಗಡಿ

2003ರಲ್ಲಿ ಕೇಂದ್ರದ ತಂಬಾಕು ಕಾಯ್ದೆ ಬಂತು. 2008ರ ಅಕ್ಟೋಬರ್ 2ರಿಂದ ಸಾರ್ವಜನಿಕ ಜಾಗಗಳಲ್ಲಿ ಸೇದುವಂತಿಲ್ಲ ಎಂಬ ನಿಯಮ ಬಿಗಿಯಾಯಿತು. 2009ರಿಂದ ಪ್ಯಾಕಿನ ಮೇಲೆ ಚಿತ್ರದ ಎಚ್ಚರಿಕೆ, 2016ರಿಂದ ಅದು ಪ್ಯಾಕಿನ ಶೇ 85 ಭಾಗ. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧ, 2017ರಲ್ಲಿ ಬಿಡಿ ಸಿಗರೇಟು ಮಾರಾಟ ನಿಷೇಧ. 2025ರಲ್ಲಿ ರಾಜ್ಯದ ತಿದ್ದುಪಡಿ ಜಾರಿಗೆ ಬಂದು, ತಂಬಾಕು ಕೊಳ್ಳುವ ವಯಸ್ಸು 18ರಿಂದ 21ಕ್ಕೆ ಏರಿತು. ಬೀಡಾ ಅಂಗಡಿಯವನ ಮುಂದೆ ಒಂದು ರೂಪಾಯಿ ಇಟ್ಟು ಹುಡುಗನೊಬ್ಬ ನಿಂತಾಗ ಈ ಕಾನೂನಿಗೆ ಎಷ್ಟು ಬಲ ಅನ್ನೋದು ನಿಮಗೇ ಗೊತ್ತು.

ಹಾಗಂತ ಏನೂ ಆಗಿಲ್ಲ ಅಂತಲ್ಲ. ಕರ್ನಾಟಕದಲ್ಲಿ ಯಾವುದಾದರೂ ರೂಪದಲ್ಲಿ ತಂಬಾಕು ಬಳಸುವ ವಯಸ್ಕರು 2009-10ರ ಸಮೀಕ್ಷೆಯಲ್ಲಿ ಶೇ 28.2 ಇದ್ದರು, 2016-17ರಲ್ಲಿ ಶೇ 22.8ಕ್ಕೆ ಇಳಿದರು. ಬಿಡಬೇಕು ಅನ್ನುವವರಿಗೆ 1800-11-2356 ಎಂಬ ಉಚಿತ ಸಹಾಯವಾಣಿ ಇದೆ, ಕನ್ನಡದಲ್ಲೂ ಮಾತಾಡುತ್ತಾರೆ. ಮನೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ.

ನಾಲ್ಕು ಶತಮಾನದ ಹಿಂದೆ ಹಕೀಮ "ಪರೀಕ್ಷಿಸಿ ನೋಡೋಣ" ಅಂದಿದ್ದ. ಪರೀಕ್ಷೆ ಮುಗಿದು, ಫಲಿತಾಂಶ ಬಂದು, ಎಪ್ಪತ್ತು ವರ್ಷದ ಮೇಲಾಯಿತು. ಒಂದೇ ದಾರಿಯಲ್ಲಿ ಬಂದ ಎರಡು ಗಿಡಗಳಲ್ಲಿ ಮೆಣಸಿನಕಾಯಿಯನ್ನು ನಾವು ನಮ್ಮದು ಮಾಡಿಕೊಂಡೆವು, ತಂಬಾಕು ನಮ್ಮನ್ನು ತನ್ನದು ಮಾಡಿಕೊಂಡಿತು.

ನಿಮ್ಮ ಊರುಗಳ ಕಡೆ ಚಿಲುಮೆ, ಚುಟ್ಟಾ, ತಪಕೀರಿಗೆ ಏನೇನು ಹೆಸರಿವೆ? ನಿಮ್ಮ ಅಜ್ಜಿಯರು ಏನು ಬಳಸುತ್ತಿದ್ದರು? ಅವರ ಕೆಮ್ಮಿನ ಬಗ್ಗೆ ಮನೆಯಲ್ಲಿ ಏನು ಹೇಳುತ್ತಿದ್ದರು? ಅಜ್ಜಂದಿರ ಕಥೆ ಬೇಕಾದಷ್ಟು ಸಿಗುತ್ತವೆ, ಅಜ್ಜಿಯರದ್ದು ಯಾರೂ ಬರೆದಿಟ್ಟಿಲ್ಲ. ಗೊತ್ತಿದ್ದವರು ದಯವಿಟ್ಟು ಬರೆಯಿರಿ.